ಹೊಸ ವೈರಿನ ಗುಂಯ್

ಮಾರ್ಚ್ ೩, ಭಾನುವಾರ

ಮತ್ತೆ ಆಂಪ್ಲಿಫೈಯರ್ ಹಿಂದೆ ತೂರಿ ಧೂಳು ಒರೆಸಿದೆ. ನನ್ನ ಭಾನುವಾರದ ಸಂಧ್ಯಾವಂದನೆ ಇದು. ನನ್ನ ಹೆಂಡತಿ ಆಂಡಾಳ್ ನಡುಮನೆಗೆ ಬರಲಿಲ್ಲ. ಥೈರಾಯ್ಡ್ ಆಪರೇಷನ್ ಆದಮೇಲೆ ಇವಳಿಗೆ ಹಾಡುವುದೂ ಬೇಡ, ಕೇಳುವುದೂ ಬೇಡ. ಪಾಠಕ್ಕೆ ಬರುತ್ತಿದ್ದ ಮಕ್ಕಳನ್ನು ವಾಪಸ್ ಕಳಿಸಿದ್ದಾಳೆ. ತಂಬೂರಿಗೆ ಹಳೇ ಸೀರೆ ಹೊದಿಸಿದ್ದಾಳೆ. ಡಾಕ್ಟರು ಹೇಳುವುದು, ದನಿಯ ನರಕ್ಕೇನೂ ಆಗಿಲ್ಲ, ನಿಧಾನವಾಗಿ ಅಭ್ಯಾಸ ಶುರು ಮಾಡಲಿ. ಸುಮ್ಮನೆ ಬಿಟ್ಟರೆ ಹೋದದ್ದು ಹೋದ ಹಾಗೇ. ನಾನು ಆ ಮಾತು ಎತ್ತಿದರೆ, "ಹುಳಿಗೆ ಉಪ್ಪು ಸಾಕಾ?"

ನನ್ನ ಲೆಕ್ಕಾಚಾರ — ಸೌಂಡು ಅಷ್ಟು ಚೆನ್ನಾಗಿದ್ದರೆ ಒಂದು ದಿನ ಬಂದು ಕೂತಾಳು. ಕೂತರೆ ಗುನುಗಿಯಾಳು. ಅರ್ಥಶಾಸ್ತ್ರದ ಮೇಷ್ಟರ ಲೆಕ್ಕಾಚಾರ. ನನಗೇ ನಂಬಿಕೆ ಕಮ್ಮಿ.

ಮಾರ್ಚ್ ೧೦, ಭಾನುವಾರ

ಮದ್ದೂರು ಕಡೆಯ ಕೊಪ್ಪದಿಂದ ಯತೀಶ್ ಬಂದ. ನಮ್ಮ ಕಾಲೇಜಿನ ಫಿಸಿಕ್ಸು. ಕ್ಲಾಸಿನಲ್ಲಿ ಓಮನ ನಿಯಮ, ಮನೆಯಲ್ಲಿ ಪವರ್ ಕಾರ್ಡಿನ ಹೋಮ. ಆಂಪ್ಲಿಫೈಯರಿಗೆ ಕರೆಂಟು ಕೊಡಲು ಕೇರೆಹಾವಿನಷ್ಟು ದಪ್ಪದ ಒಂದು ಕಾರ್ಡು ತಂದಿದ್ದ, ಮೂರು ಪಿನ್ನಿಂದು.

"ಆ ಎರಡ್ ಪಿನ್ನಿನ ವೈರು ಬಿಸಾಕಿ ಮೇಷ್ಟ್ರೆ. ಇದ ಆಕ್ನೋಡಿ, ಆಮೇಲ್ ನೀವೇ ಏಳ್ತೀರ."

ಆಂಡಾಳ್ ಅಡುಗೆಮನೆಯಿಂದ ಇಣುಕಿದಳು. "ಹಾಲೆರೆಯೋದು ಯಾವಾಗ?"

ಹಾಕಿದೆವು. ಕೊಳಲಿನ ರೆಕಾರ್ಡು. ಯತೀಶ್ ಕಣ್ಣು ಮುಚ್ಚಿದ. "ನೋಡಿ ನೋಡಿ, ಕೊಳಲು ಮುಂದಕ್ ಬಂದ್ಬುಡ್ತು!" ನನಗೆ ಬಂದದ್ದು ಆಕಳಿಕೆ. ತಲೆಯಾಡಿಸಿದೆ.

ಒಳಗಿಂದ ಅವಳು: "ಗುಂಯ್ ಅಂತಿದೆ. ಮುಂಚೆ ಇರಲಿಲ್ಲ."

ರೆಕಾರ್ಡು ನಿಲ್ಲಿಸಿ ಸ್ಪೀಕರಿಗೆ ಕಿವಿ ಇಟ್ಟೆ... ಹೌದು.

"ಒಸ ಕಾರ್ಡು ಕಣಮ್ಮ. ಸ್ವಲ್ಪ ದಿನ ಪಳಗ್ಬೇಕು."

"ಎತ್ತೇನ್ರೀ, ಪಳಗೋಕೆ?"

ಯತೀಶ್ ನಗುತ್ತ ಹಳೇ ವೈರನ್ನು ಬ್ಯಾಗಿಗೆ ತುರುಕಿಕೊಂಡು ಹೋದ.

ಮಾರ್ಚ್ ೧೨

ಪಳಗಲಿಲ್ಲ. ಫೋನಿನಲ್ಲಿ ಯತೀಶನ ಉಪನ್ಯಾಸ — ಮೂರನೇ ಪಿನ್ನು ಅರ್ತಿಂಗಿಗೆ, ನಿಮ್ಮನೆ ಅರ್ತಿಂಗೇ ಒಣಗೈತೆ. ಕಾಂಪೌಂಡಿನ ಮೂಲೆಯ ಅರ್ತಿಂಗ್ ಗುಂಡಿಗೆ ಉಪ್ಪು ಸುರಿದು ನೀರು ಹೊತ್ತೆ. ಮಂಡ್ಯದ ಬಿಸಿಲು. ಸೊಂಟ ಹಿಡಿಯಿತು. ಅರ್ಥಶಾಸ್ತ್ರದವನ ಮನೆಗೇ ಅರ್ತ್ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಹೇಳಿದೆ. ನಾನೇ ನಕ್ಕೆ.

ಗುಂಯ್ ಹಾಗೇ ಇದೆ. ಹಳೇ ವೈರು ಕೇಳಿದರೆ, ಅದೀಗ ಕೊಪ್ಪದಲ್ಲಿ ಕೊಟ್ಟಿಗೆಯ ರೇಡಿಯೋಗೆ ಹೋಗಿದೆಯಂತೆ. ಅವನ ಹಸುಗಳಿಗೆ ಗುಂಯ್ ಇಲ್ಲ. ವೈರಿಗೂ ಬೇಡ ಈ ವೈರಿನ ಸಹವಾಸ.

ಮಾರ್ಚ್ ೨೭, ಬುಧವಾರ

ಮದ್ದೂರಿನಲ್ಲಿ ಸೆಮಿನಾರು. ಊಟದ ಹೊತ್ತಿಗೇ ತಪ್ಪಿಸಿಕೊಂಡು ಬಸ್ಸು ಹಿಡಿದೆ.

ಬಾಗಿಲು ತೆಗೆದೇ ಇತ್ತು. ಆಂಪ್ಲಿಫೈಯರ್ ಆನ್. ರೆಕಾರ್ಡು ಇಲ್ಲ. ವಾಲ್ಯೂಮು ಪೂರ್ತಿ ತಿರುಗಿಸಿ, ಬರೀ ಗುಂಯ್. ಮುಂದೆ ನೆಲದ ಮೇಲೆ ಆಂಡಾಳ್, ಬೆನ್ನು ನನ್ನ ಕಡೆ. ಗುಂಯ್ ಜೊತೆಗೆ ಇನ್ನೊಂದು ದನಿ... ಒರಟು, ಸಣ್ಣದು. ಬರೀ ಷಡ್ಜ, ಸ.

ನೋಡಿದಳು. ನಿಲ್ಲಿಸಿದಳು.

"ನನ್ನ ಶ್ರುತಿಗಿಂತ ಒಂದು ಕೂದಲು ಮೇಲಿದೆ ಇದು," ಅಂದಳು, ತರಕಾರಿಯಲ್ಲಿ ಹುಳ ತೋರಿಸುವವಳ ಹಾಗೆ.

"ತಂಬೂರಿ ಇದೆಯಲ್ಲೇ?"

"ಅದರ ಮುಂದೆ ಕೂತರೆ ಹಾಡಬೇಕು. ಇದರ ಮುಂದೆ ಕೂತರೆ, ಏನೋ ರಿಪೇರಿ ನೋಡ್ತಿದ್ದೀನಿ ಅನ್ನಬಹುದು... ಕೈಕಾಲು ತೊಳ್ಕೊಳ್ಳಿ ಹೋಗಿ. ನನ್ನನ್ನ ನೋಡ್ಬೇಡಿ."

ಸದ್ದಾಗದ ಹಾಗೆ ಕಾಫಿ ಮಾಡಿದೆ. ಜೋಕು ಒಂದೂ ಹೊಳೆಯಲಿಲ್ಲ.

ಏಪ್ರಿಲ್ ೭, ಭಾನುವಾರ

ಯತೀಶ್ ಗೇಟಿನ ಹತ್ತಿರ, ಕೈಯಲ್ಲಿ ಸ್ಕ್ರೂಡ್ರೈವರು. "ಒಂದ್ ಡಬ್ಬ ತಂದಿವ್ನಿ ಮೇಷ್ಟ್ರೆ. ವೈರಿನ ನಡ್ವೆ ಇದ ಆಕುದ್ರೆ ನಿಮ್ ಗುಂಯ್ ಸತ್ತೋಯ್ತದೆ."

"ಇವತ್ತು ಬೇಡ ಕಣಯ್ಯ."

"ಇದೊಳ್ಳೆ ಕತೆ! ಒಂದ್ ತಿಂಗ್ಳಿಂದ ನನ್ ತಲೆ ತಿಂದೋರು ಯಾರು?"

ಗೇಟಿಗೆ ಅಡ್ಡ ನಿಂತೆ. ಆಗ ಅವನಿಗೂ ಕೇಳಿತು, ಕಿಟಕಿಯಿಂದ. ಸರಿಗಮ... ಮ ಹತ್ತಿರ ದನಿ ಒಡೆಯಿತು. ಕೆಮ್ಮು. ಮತ್ತೆ ಮೊದಲಿಂದ, ಸ. ಇಬ್ಬರೂ ಕರಿಬೇವಿನ ಗಿಡ ನೋಡುತ್ತ ನಿಂತೆವು.

ಕರೆಂಟು ಹೋಯಿತು. ಫ್ಯಾನು ನಿಂತಿತು. ಗುಂಯ್ ನಿಂತಿತು.

ಅವಳು ನಿಲ್ಲಿಸಲಿಲ್ಲ.

ಯತೀಶ್ ಏನೋ ಹೇಳಲು ಬಾಯಿ ತೆರೆದ. ಮೊಣಕೈ ಹಿಡಿದು ಸುಮ್ಮನಿರಿಸಿದೆ. ಸರಿಗಮ... ಮ ದಾಟಿದಳು. ಪ —