ಹತ್ತೊಂಬತ್ತನೆಯ ಸಾಲಿನ ಟೊಮೆಟೊ

ಫೆಬ್ರವರಿ ೩೦, ೨೨೧೪
ಆರನೆಯ ಮಾಳಿಗೆ, ಹಳೇ ಹುಬ್ಬಳ್ಳಿ

ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟುಕೊಂಡಿರುವ ಹಿರಿಯರಿಗೆ,

ತಾರೀಖು ತಪ್ಪಿಲ್ಲ. ಪ್ರತಿ ತಿಂಗಳಿಗೂ ಮೂವತ್ತೇ ದಿನ ಎಂದು ನಾವು ತೀರ್ಮಾನಿಸಿ ಬಹಳ ಕಾಲವಾಯಿತು. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಮಾಳಿಗೆ ತೊಳೆಯುವುದಕ್ಕೆ ಬಿಟ್ಟಿದ್ದೇವೆ. ನನ್ನ ಮಾತು ನಿಮಗೆ ಜಾಹೀರಾತಿನಂತೆ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ತಗಡಿನ ಡಬ್ಬಿಯೊಂದರಲ್ಲಿ ಉಳಿದಿದ್ದ ಹನ್ನೊಂದು ಕರಪತ್ರಗಳಿಂದ. ಯಾವುದೋ ಕೃಷಿಮೇಳದಲ್ಲಿ ಹಂಚಿದ ಅವೆಲ್ಲವೂ ‘ರೈತ ಬಾಂಧವರೇ’ ಎಂದೇ ಶುರುವಾಗುತ್ತವೆ. ಎರಡು ಕುಂಡದವರನ್ನು ಯಾರೂ ಕರೆದಿಲ್ಲ. ಅದು ಅನ್ಯಾಯವೆಂದು ತೋರಿ ನಾನು ಕರೆಯುತ್ತಿದ್ದೇನೆ.

ಇಲ್ಲಿ ನಾವು ನೂರನಲವತ್ತು ಜನ. ಬಿಸಿಲಿಗೆ ಹೆದರಿ ಕೆಳಗಿನ ಅಂತಸ್ತುಗಳಲ್ಲಿ ಇರುತ್ತೇವೆ, ಚಾವಣಿಯ ಮೇಲೆ ಬಲೆಯ ನೆರಳಿನಲ್ಲಿ ಬೆಳೆಯುತ್ತೇವೆ. ಮೂವತ್ತು ಸಾಲು ಕುಂಡಗಳಿವೆ. ಯಾವ ಕೆಲಸವನ್ನಾದರೂ ‘ಮೂರೆಣಿಕೆ’ಯಲ್ಲಿ ಗೋಡೆಯ ಮೇಲೆ ಬರೆಯುತ್ತೇವೆ. ಮೊದಲನೆಯದು ಸಾಲು, ಎರಡನೆಯದು ಕುಂಡಕ್ಕೆ ಎಷ್ಟು ಹಿಡಿ, ಮೂರನೆಯದು ಎಷ್ಟು ದಿನದಲ್ಲಿ. ಏಳು-ಎರಡು-ಹತ್ತು ಎಂದರೆ ಏಳನೆಯ ಸಾಲಿಗೆ ಕುಂಡಕ್ಕೆರಡು ಹಿಡಿ ಗೊಬ್ಬರ, ಹತ್ತು ದಿನದಲ್ಲಿ. ಓದು ಬಾರದವರಿಗೂ ಇದು ಬರುತ್ತದೆ.

ಕರಪತ್ರವೊಂದರಲ್ಲಿ ಕೆಂಪು ಟೊಮೆಟೊ ಚಿತ್ರದ ಕೆಳಗೆ ‘೧೯-೧೯-೧೯’ ಎಂದು ಅಚ್ಚಾಗಿದೆ. ಅದರ ಕೆಳಗಿನ ಅಕ್ಷರಗಳನ್ನು ಗೆದ್ದಲು ತಿಂದಿದೆ. ಹೀಗಾಗಿ ನನ್ನ ಅಜ್ಜನ ಕಾಲದಿಂದಲೂ ನಮ್ಮಲ್ಲಿ ಟೊಮೆಟೊ ಹತ್ತೊಂಬತ್ತನೆಯ ಸಾಲಿನಲ್ಲಿ ಮಾತ್ರ. ದಿನಕ್ಕೊಂದು ಹಿಡಿಯಂತೆ ಹತ್ತೊಂಬತ್ತು ದಿನ ಕೋಳಿಗೊಬ್ಬರ, ಮುಗಿದೊಡನೆ ಮತ್ತೆ ಮೊದಲಿನಿಂದ. ಗಿಡಗಳು ಆಳೆತ್ತರ ಬೆಳೆಯುತ್ತಿದ್ದವು, ಎಲೆ ಕಪ್ಪಾಗಿ ಕಾಣುವಷ್ಟು ಹಸಿರು. ಹೂವು ಮಾತ್ರ ಉದುರಿಹೋಗುತ್ತಿತ್ತು. ಎಲ್ಲೋ ಒಂದು ಕಾಯಿ ನಿಂತರೆ ಅದರ ಬೀಜದಿಂದ ಮುಂದಿನ ವರ್ಷ. ಹೋದ ವರ್ಷ ಅದೂ ನಿಲ್ಲಲಿಲ್ಲ. ಬೀಜದ ಡಬ್ಬಿಯ ತಳದಲ್ಲಿ ಉಳಿದಿದ್ದ ಹಳೆಯ ಬೀಜವನ್ನೆಲ್ಲ ಆಗಸ್ಟಿನಲ್ಲಿ ಬಿತ್ತಿದೆವು, ಒಂಬತ್ತು ಮೊಳೆತವು. ಬೇಸಿಗೆಗೆ ಮುಂಚೆ ಇವುಗಳಲ್ಲಿ ಕಾಯಿ ಕಟ್ಟದಿದ್ದರೆ ಈ ಊರಿನಲ್ಲಿ ಟೊಮೆಟೊ ಎಂಬುದು ಬರೀ ಚಿತ್ರವಾಗಿ ಉಳಿಯುತ್ತಿತ್ತು.

ಆ ಸಾಲಿನ ಯಜಮಾನಿಕೆ ಚಾಂದಬಿ ಆಯಿಯದು. ವಯಸ್ಸು ಎಪ್ಪತ್ತೆಂಟು. ಹೂವು ಉದುರಿದಷ್ಟೂ ಗೊಬ್ಬರದ ಹಿಡಿಯನ್ನು ದೊಡ್ಡದು ಮಾಡುತ್ತಿದ್ದಳು.

ನನಗೆ ಅನುಮಾನ ಹುಟ್ಟಿಸಿದ್ದು ಇನ್ನೊಂದು ಕರಪತ್ರದ ‘೦-೦-೫೦’. ಅದನ್ನು ಹಿಡಿದುಕೊಂಡು ಹೋಗಿ, “ಆಯಿ, ಸೊನ್ನೆ ಸಾಲು ಎಲ್ಲೈತಿ?” ಎಂದು ಕೇಳಿದೆ.

“ಭೂಮಿ ಕೆಳಗ ಇರಬೇಕು. ಹೋದಾಗ ನೋಡಿ ಹೇಳ್ತೀನಿ, ತಡಿ,” ಎಂದಳು.

ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಕರಪತ್ರಗಳನ್ನು ಅಂದೇ ಕುದಿಯುವ ನೀರಿನ ಹಬೆಗೆ ಹಿಡಿದು ಬಿಡಿಸಿದೆ. ಒಳಗೆ ಒಂದು ವಾಕ್ಯವಿತ್ತು: ಚೀಲದ ಮೇಲಿನ ಮೂರು ಅಂಕಿಗಳು ನೂರು ಪಾಲಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಷ್ಟು ಎಂಬುದನ್ನು ತಿಳಿಸುತ್ತವೆ. ಸಾರಜನಕ ಎಲೆಗೆ, ರಂಜಕ ಬೇರು ಮತ್ತು ಹೂವಿಗೆ, ಪೊಟ್ಯಾಷ್ ಕಾಯಿಗೆ. ಮೂರು ತಲೆಮಾರು ನಾವು ಸಾರಜನಕವೇ ಹೆಚ್ಚಿರುವ ಕೋಳಿಗೊಬ್ಬರ ಹಾಕಿ ಗಿಡಕ್ಕೆ ಎಲೆಯ ಊಟವನ್ನೇ ಬಡಿಸಿ, ಕಾಯಿ ಏಕೆ ಬರಲಿಲ್ಲ ಎಂದು ಕೇಳುತ್ತ ಬಂದಿದ್ದೆವು.

ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಕೋಳಿಗೊಬ್ಬರ ನಿಲ್ಲಿಸಿ ಪೊಟ್ಯಾಷಿಗೆ ಒಲೆಯ ಬೂದಿಯನ್ನೂ ರಂಜಕಕ್ಕೆ ಎಲುಬಿನ ಪುಡಿಯನ್ನೂ ಸ್ವಲ್ಪ ಸ್ವಲ್ಪ ಕೊಡೋಣ ಎಂದೆ. “ಕಾಗದಕ್ಕೇನು ಹಸಿವೈತೇನ, ನೀಲಾ? ಗಿಡಕ್ಕೈತಿ,” ಎಂದಳು ಆಯಿ. ಎಲ್ಲರೂ ನಕ್ಕರು. ಆಮೇಲೆ ಅವಳೇ ನನ್ನ ಕೈಯಿಂದ ೦-೦-೫೦ರ ಕರಪತ್ರವನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ಸಾಲು ಸೊನ್ನೆ, ಹಿಡಿ ಸೊನ್ನೆ, ಐವತ್ತು ದಿನ. ಅಂದ್ರ ರೋಜಾ. ಗಿಡಕ್ಕೂ ಉಪವಾಸ ಐತಿ ಅನ್ನು. ಮೊದಲ ಹೇಳಬಾರದೇನ?” ಎಂದಳು. ನನ್ನ ಮಾತಿಗೆ ಬಗ್ಗದವಳು ತನ್ನದೇ ತಪ್ಪು ಓದಿಗೆ ಬಗ್ಗಿ, ನವೆಂಬರಿನಲ್ಲಿ ಗೊಬ್ಬರದ ಬುಟ್ಟಿಯನ್ನು ಬೋರಲು ಹಾಕಿದಳು. ವಾದಿಸುವ ಬದಲು ನಾನು, ಅವಳು ಮಲಗುವ ಮಧ್ಯಾಹ್ನಗಳಲ್ಲಿ ಒಂಬತ್ತು ಕುಂಡಕ್ಕೂ ವಾರಕ್ಕೊಂದು ಚಮಚ ಬೂದಿ, ಎರಡು ವಾರಕ್ಕೊಂದು ಚಮಚ ಎಲುಬಿನ ಪುಡಿ ಹಾಕಿದೆ. ಕದ್ದು ಮಾಡುವ ಸುಧಾರಣೆ ಸುಧಾರಣೆಯಲ್ಲ ಎಂದು ನಾನೇ ಗೋಡೆಯ ಮೇಲೆ ಬರೆದವಳು.

ಡಿಸೆಂಬರಿನಲ್ಲಿ ಹೂವು ನಿಂತಿತು. ಈ ತಿಂಗಳ ಆರರಂದು ಮೊದಲ ಹಣ್ಣು ಕೆಂಪಾಯಿತು. ನೂರನಲವತ್ತು ಚೂರು ಮಾಡಿ ಹಂಚಿದೆವು. ಹುಳಿಯೋ ಸಿಹಿಯೋ ಎಂದು ಇನ್ನೂ ಜಗಳ ನಡೆಯುತ್ತಿದೆ. ಬಟ್ಟೆಯ ಮೇಲೆ ತೊಂಬತ್ತೆರಡು ಬೀಜ ಒಣಗುತ್ತಿವೆ.

ಆಯಿ ಸಂತೋಷದಿಂದ ‘ಟೊಮೆಟೊಗೆ ಐವತ್ತು ದಿನ ಉಪವಾಸ’ ಎಂದು ಗೋಡೆಯ ಮೇಲೆ ಬರೆಸಿಬಿಟ್ಟಿದ್ದಾಳೆ. ಅದನ್ನು ಅಳಿಸಲು ನನಗೆ ಅಧಿಕಾರವಿಲ್ಲ. ನಿಜ ಹೇಳುವುದಾದರೆ ಆಧಾರವೂ ಇಲ್ಲ. ಗೊಬ್ಬರ ನಿಂತದ್ದು, ಬೂದಿ ಬಿದ್ದದ್ದು ಒಂದೇ ಕುಂಡಗಳಲ್ಲಿ. ಯಾವುದರಿಂದ ಕಾಯಿ ಬಂತೆಂದು ಹೇಗೆ ಹೇಳಲಿ? ನಾಳೆ ಅವಳಿಗೆ ಬೂದಿಯ ವಿಷಯ ಒಪ್ಪಿಸುತ್ತೇನೆ. ಬೈಯುತ್ತಾಳೆ. ಆಮೇಲೆ ಸಾಲನ್ನು ಎರಡು ಮಾಡಲು ಕೇಳುತ್ತೇನೆ, ಅರ್ಧ ಅವಳದು, ಅರ್ಧ ನನ್ನದು.

ನಿಮ್ಮ ಅಂಗಡಿಗಳ ಗೋಡೆಯ ತುಂಬ ಚೀಲಗಳಿದ್ದವಂತೆ. ಅವುಗಳ ಮುಂದೆ ನಿಂತು ನೀವು ಹೇಗೆ ಆರಿಸುತ್ತಿದ್ದಿರಿ? ಎಲೆಯ ಬಣ್ಣ ನೋಡಿಯೋ, ಚೀಲದ ಬಣ್ಣ ನೋಡಿಯೋ? ತಿಳಿಯುವ ಆಸೆ ತುಂಬ ಇದೆ, ಉತ್ತರ ಬರುವ ದಾರಿಯಿಲ್ಲ. ಒಂದು ಕೆಲಸವನ್ನಾದರೂ ಮಾಡಿ. ಗೊಬ್ಬರ ಯಾವುದೇ ಇರಲಿ, ಏನು ಹಾಕಿದಿರಿ, ಏಕೆ ಹಾಕಿದಿರಿ, ಯಾವಾಗ ನಿಲ್ಲಿಸಿದಿರಿ ಎಂದು ಒಂದು ಪೂರ್ತಿ ವಾಕ್ಯ ಬರೆದು ಕುಂಡದ ಹತ್ತಿರ ಇಡಿ. ಹಾಕಿ ಎಂದು ಹನ್ನೊಂದು ಕರಪತ್ರಗಳೂ ಹೇಳುತ್ತವೆ. ನಿಲ್ಲಿಸುವುದು ಯಾವಾಗ ಎಂದು ಒಂದೂ ಹೇಳುವುದಿಲ್ಲ.

ಇಂತಿ,
ನೀಲಗಂಗಾ