ವಿಮೆಯ ಕಾಗದದಲ್ಲಿಲ್ಲದ ಮಗಳು

ಫಾರ್ಮಿಂಗ್ಟನ್ ಹಿಲ್ಸ್
ನವೆಂಬರ್ 3, 2024

ಅಕ್ಷರಾಳ ಅಪ್ಪನಿಗೆ,

ಹದಿನೆಂಟು ವರ್ಷ ‘ರೀ’ ಎಂದು ಕರೆದವಳಿಗೆ ಕಾಗದದಲ್ಲಿ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಹೀಗೆ ಬರೆದರೆ ಸುಳ್ಳಂತೂ ಆಗುವುದಿಲ್ಲ. ಮೆಸೇಜು ಕಳಿಸಿದರೆ ನಿಮ್ಮಿಂದ ಒಂದು ‘ಓಕೆ’ ಬರುತ್ತದೆ, ಈ ವಿಷಯಕ್ಕೆ ಅದು ಸಾಲದು. ಬರುವ ಶನಿವಾರ ಅಕ್ಷರಾ ಇಟಾಸ್ಕಾಗೆ, ನಿಮ್ಮ ಮನೆಗೆ ಬರುತ್ತಾಳೆ. ವೀಕೆಂಡಿಗಲ್ಲ, ಇರುವುದಕ್ಕೆ.

ಕಾರಣ ಕಾರಿನ ಇನ್ಶೂರೆನ್ಸು. ನಗಬೇಡಿ.

ಮಾರ್ಚಿನಲ್ಲಿ ಅವಳಿಗೆ ಲೈಸೆನ್ಸ್ ಬಂದಾಗ ನಮ್ಮ ಏಜೆಂಟ್ ರಾಜಶೇಖರ್‌ಗೆ ಫೋನ್ ಮಾಡಿದ್ದೆ. “ಅಕ್ಕಾ, ಅವಳ ಹೆಸರು ಸೇರಿಸಿದ್ರೆ ತಿಂಗಳಿಗೆ ಇನ್ನೂರ ನಲವತ್ತು ಡಾಲರ್ ಇದ್ದಿದ್ದು ಏಳುನೂರ ಎಂಬತ್ತಾಗತ್ತೆ” ಅಂದರು. ವರ್ಷಕ್ಕೆ ಲೆಕ್ಕ ಹಾಕಿದರೆ ನಮ್ಮ ಹಳೇ ಕಾರಿನ ಬೆಲೆಗಿಂತ ಹೆಚ್ಚು. ಅವಳಿನ್ನೂ ಯಾರಿಗೂ ಗುದ್ದಿಲ್ಲವಲ್ಲ, ಏನು ತಪ್ಪು ಮಾಡಿದಳು ಎಂದು ಜಗಳಕ್ಕೆ ನಿಂತೆ. “ಹದಿನಾರು ವರ್ಷ ಆಗಿರೋದೇ ತಪ್ಪು ಅಕ್ಕಾ” ಅಂದರು.

ಅದೇ ವಾರ ನೀವೂ ಫೋನ್ ಮಾಡಿದಿರಿ. ಅವಳ ಪಾಲು ನಾನು ಕಟ್ಟುತ್ತೇನೆ ಎಂದಿರಿ. ಬೇಡ, ಎಲ್ಲ ಆಗಿದೆ ಎಂದು ಫೋನ್ ಇಟ್ಟುಬಿಟ್ಟೆ. ಏನೂ ಆಗಿರಲಿಲ್ಲ. ಈ ಮನೆಯಲ್ಲಿ ನನ್ನ ಹೊರತು ಡ್ರೈವ್ ಮಾಡುವವರು ಯಾರೂ ಇಲ್ಲ ಎಂದು ಫಾರ್ಮಿನಲ್ಲಿ ಟಿಕ್ ಹಾಕಿ ಸಹಿ ಮಾಡಿದೆ. ನಿಮ್ಮ ದುಡ್ಡು ಬೇಡವೆಂಬ ಹಟಕ್ಕೆ ಮಗಳನ್ನೇ ಇಲ್ಲವೆಂದು ಬರೆದುಕೊಟ್ಟೆ.

ಜೂನಿನಲ್ಲಿ ಅವಳಿಗೆ ಆನ್ ಆರ್ಬರ್‌ನ ಲ್ಯಾಬಿನಲ್ಲಿ ಬೇಸಿಗೆ ಕೆಲಸ ಸಿಕ್ಕಿತು. ಮೂವತ್ತು ಮೈಲಿ, ಬಸ್ಸಿಲ್ಲ, ಆಸ್ಪತ್ರೆಯಲ್ಲಿ ನನ್ನ ಶಿಫ್ಟು ಬೆಳಿಗ್ಗೆ ಆರಕ್ಕೆ. ನಾನು ಜೊತೆಗೆ ಕೆಲಸ ಮಾಡುವ ಲತಾಶ್ರೀ ಕಾರಿನಲ್ಲಿ ಹೋಗುತ್ತಿದ್ದೆ, ನಮ್ಮ ಕಾರು ಅಕ್ಷರಾ ತೆಗೆದುಕೊಂಡು ಹೋಗುತ್ತಿದ್ದಳು. ಸಂಜೆ ಬಂದು, ಮೀನಿನ ಮರಿಯ ಹೃದಯ ಬಡಿಯುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆ ಎನ್ನುತ್ತಿದ್ದಳು. ಅಷ್ಟು ಮಾತಾಡುವ ಹುಡುಗಿಯನ್ನು ನೀವು ಹೋದಮೇಲೆ ನಾನು ಕಂಡೇ ಇರಲಿಲ್ಲ.

ಆಗಸ್ಟಿನಲ್ಲಿ ಆರ್ಚರ್ಡ್ ಲೇಕ್ ರಸ್ತೆಯ ಸಿಗ್ನಲ್ ಹತ್ತಿರ ಮುಂದಿದ್ದ ವ್ಯಾನಿಗೆ ಗುದ್ದಿದಳು. ಅವಳಿಗೆ ಏನೂ ಆಗಲಿಲ್ಲ. ವ್ಯಾನಿನಲ್ಲಿದ್ದ ಮುದುಕರ ಭುಜದ ಮೂಳೆ ಮುರಿಯಿತು. ಅವತ್ತೊಂದೇ ದಿನ ಕಾರು ತೆಗೆದಿದ್ದಳು ಎಂದು ಇನ್ಶೂರೆನ್ಸ್ ಕಂಪನಿಗೆ ಹೇಳಿದೆ, ಅವಳೂ ಹಾಗೆಯೇ ಹೇಳಬೇಕೆಂದೆ. “ಅಮ್ಮ, ಐ ಡೋಂಟ್ ವಾಂಟ್ ಟು ಲೈ” ಎಂದು ಅತ್ತಳು. ಆಮೇಲೆ ನನಗೋಸ್ಕರ ಹೇಳಿದಳು.

ಮೂರು ವಾರಕ್ಕೆ ಕಂಪನಿಯವನೊಬ್ಬ ಬಂದು ಫೇಸ್‌ಬುಕ್ಕಿನಲ್ಲಿ ಸಿಕ್ಕ ಒಂದು ಫೋಟೋ ಮೇಜಿನ ಮೇಲಿಟ್ಟ. ದೇವಸ್ಥಾನದ ಮುಂದೆ ಮಾಡಿಸಿದ ವಾಹನ ಪೂಜೆ. ಬಾನೆಟ್ಟಿಗೆ ಕುಂಕುಮ, ಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು, ಸ್ಟೀರಿಂಗ್ ಹಿಡಿದು ನಗುತ್ತಿರುವ ಅಕ್ಷರಾ. ಕೆಳಗೆ ಕನ್ನಡದಲ್ಲಿ, ‘ನಾಳೆಯಿಂದ ದಿನಾ ಆನ್ ಆರ್ಬರ್‌ಗೆ ನಮ್ಮ ಡ್ರೈವರಮ್ಮ’. ಅದನ್ನು ಇಂಗ್ಲಿಷಿಗೆ ಮಾಡಿಸಿಕೊಂಡೂ ಬಂದಿದ್ದ. ಅಪಘಾತವಾಗದಿರಲೆಂದು ಮಾಡಿಸಿದ ಪೂಜೆಯೇ ಸಾಕ್ಷಿಯಾಯಿತು.

ಪಾಲಿಸಿಯನ್ನು ಅದು ಎಂದೂ ಇರಲೇ ಇಲ್ಲವೆಂಬಂತೆ ರದ್ದು ಮಾಡಿದರು. ಮುದುಕರ ದಾವೆ ನನ್ನ ತಲೆಯ ಮೇಲಿದೆ. ಮನೆ ಉಳಿಯುತ್ತದೆಂದು ವಕೀಲರು ಹೇಳುತ್ತಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಲತಾಶ್ರೀ ಬೇರೆ ಊರಿಗೆ ಹೋಗುತ್ತಾಳೆ. ಇನ್ಶೂರೆನ್ಸಿಲ್ಲದೆ ನಾನು ಕಾರು ಓಡಿಸುವಂತಿಲ್ಲ, ಕಾರಿಲ್ಲದೆ ಆಮೇಲೆ ನನ್ನ ಕೆಲಸವೂ ಇಲ್ಲ. ಎಲ್ಲ ಕಂಪನಿಗಳನ್ನೂ ಕೇಳಿ ನೋಡಿದ ರಾಜಶೇಖರ್ ಮೊನ್ನೆ ಫೋನಿನಲ್ಲಿ, “ಅಕ್ಷರಾ ಆ ಮನೇಲಿರೋವರೆಗೂ ಯಾರೂ ಪಾಲಿಸಿ ಕೊಡಲ್ಲ ಅಕ್ಕಾ. ಅವಳ ಅಡ್ರೆಸ್ ಬೇರೆ ಆದ್ರೆ ನಿಮ್ಮೊಬ್ಬರಿಗೆ ಏನಾದ್ರೂ ಮಾಡ್ಬಹುದು” ಅಂದರು.

ಸ್ಪೀಕರಿನಲ್ಲಿತ್ತು. ಅಕ್ಷರಾ ತಟ್ಟೆ ತೊಳೆಯುತ್ತಿದ್ದಳು. “ಐ ಕ್ಯಾನ್ ಲಿವ್ ವಿತ್ ಅಪ್ಪ. ಇಟ್ಸ್ ಫೈನ್” ಎಂದು ಕೈ ಒರೆಸಿಕೊಂಡು ಮೇಲೆ ಹೋದಳು. ಹೋಗಬೇಡ ಎಂದು ನಾನು ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಹೇಳಲಿಲ್ಲ. ಈಗ ನನಗೆ ಇದನ್ನು ಬಿಟ್ಟು ಬೇರೇನೂ ನೆನಪಾಗುವುದಿಲ್ಲ.

ಆನ್ ಆರ್ಬರ್‌ನಿಂದ ಶಿಕಾಗೋ ರೈಲು ಹತ್ತುತ್ತಾಳೆ, ಲತಾಶ್ರೀ ಬಿಡುತ್ತಾಳೆ. ಯೂನಿಯನ್ ಸ್ಟೇಷನ್ನಿಗೆ ನೀವೇ ಬನ್ನಿ. ಬದನೆಕಾಯಿ ಈಗ ತಿನ್ನುತ್ತಾಳೆ. ಯಾರ ಕಾರಿನಲ್ಲಿ ಕೂತರೂ ಬಲಗಾಲನ್ನು ಬ್ರೇಕಿನಂತೆ ನೆಲಕ್ಕೆ ಒತ್ತುತ್ತಾಳೆ, ಕಂಡರೂ ಕಾಣದ ಹಾಗಿರಿ. ನಿಮ್ಮ ಪಾಲಿಸಿಯಲ್ಲಿ ಅವಳ ಹೆಸರು ಸೇರಿಸಿ. ಅವಳು ಓಡಿಸಲಿ, ಬಿಡಲಿ, ಸೇರಿಸಿ. ಯಾವಾಗ ವಾಪಸು ಕರೆಸಿಕೊಳ್ಳುತ್ತೀ ಎಂದು ಮಾತ್ರ ಕೇಳಬೇಡಿ. ಅವಳೂ ಕೇಳಲಿಲ್ಲ.

ಇಂತಿ,
ಇಂದುಮತಿ

ಮರೆತ ಮಾತು: ಆ ಫೋಟೋವನ್ನು ಪೂಜೆಗೆ ಬಂದವರು ಯಾರೋ ಫೇಸ್‌ಬುಕ್ಕಿಗೆ ಹಾಕಿದರೆಂದು ಅಕ್ಷರಾಳಿಗೆ ಹೇಳಿದ್ದೇನೆ. ಹಾಕಿದ್ದು ನಾನು. ನನ್ನದೆಲ್ಲ ಸ್ನೇಹಿತರಿಗಷ್ಟೇ ಕಾಣುತ್ತದೆ, ನಿಮ್ಮನ್ನು ಅಲ್ಲಿಂದ ತೆಗೆದು ಎರಡು ವರ್ಷವಾಯಿತು. ಅದೊಂದನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಿದೆ, ನಿಮ್ಮ ಕಣ್ಣಿಗೆ ಬೀಳಲಿ ಎಂದು. ನೋಡಿದ್ದಿರಾ?