ಮರಿಗಳ ಗಾಜು

ಮಾರ್ಚ್ 4
ಅರವತ್ತೆರಡು ಬೀಕರ್ ತೊಳೆದೆ. ಹನ್ನೊಂದು ವರ್ಷ ಈ ಕಡಲ ಸಂಶೋಧನಾ ಸಂಸ್ಥೆಯ ನೆಲ ಒರೆಸಿದವಳಿಗೆ ಜನವರಿಯಿಂದ ಗಾಜು ತೊಳೆಯುವ ಕೋಣೆಗೆ ಬಡ್ತಿ. ಹಿಂದಿನ ಮುದುಕ ಬರೀ ನೀರಲ್ಲಿ ಜಾಲಿಸಿ ಇಡುತ್ತಿದ್ದನಂತೆ. ಸೋಮಾರಿ. ನಾನು ಸೋಪು ಹಾಕಿ ಉಜ್ಜುತ್ತೇನೆ — ಮುಖ ಕಾಣಬೇಕು.
ಆ ಗಾಜಿನಲ್ಲಿ ಸಾಕುವ ಕಡಲ ಸಿಂಪಿಯ ಮರಿಗಳು ಮತ್ತೆ ಸತ್ತವು. ಎರಡನೇ ಸಲ, ಮೂರೇ ದಿನಕ್ಕೆ. ಅವನ್ನು ಸಾಕುವ ಹುಡುಗಿ ಊಟ ಮುಟ್ಟಲಿಲ್ಲ. ದಪ್ಪ ಕನ್ನಡಕದವಳು, ಅದಕ್ಕೇ ನನಗೆ ಅವಳ ಹೆಸರೇ ಕನ್ನಡಕ.

ಮಾರ್ಚ್ 9
ಡೈರೆಕ್ಟರು ಕನ್ನಡಕದ ರೂಮಿನ ಬಾಗಿಲಲ್ಲೇ ನಿಂತು ಅವಳಿಗೆ, "ಇನ್ನೊಂದು ಸಲ ನೋಡ್ತೀನಮ್ಮ. ಆಮೇಲೆ ಈ ರೂಮು ಬೇರೆಯವರಿಗೆ, ನೀನು ನಿನ್ನ ಮನೆಗೆ," ಅಂದರು.
ಅವರು ಹೋದ ಮೇಲೆ ಕನ್ನಡಕ ಕೇಳಿದಳು, "ಅಜ್ಜಿ, ನನ್ನ ಕೈಗುಣಾನೇ ಸರಿ ಇಲ್ವಾ?"
"ಕೈಗುಣ ಇರಲಿ, ಹೊಟ್ಟೆಗೇನು ಬಿದ್ದಿದೆ? ಮೊದಲು ತಿನ್ನು."
ಪಾಪ ಅನ್ನಿಸಿ, ಅವಳ ಬೀಕರುಗಳಿಗೆ ಎರಡೆರಡು ಸಲ ಸೋಪು ಹಾಕಿದೆ.

ಮಾರ್ಚ್ 13
ಮೂರನೇ ಸಲವೂ ಹೋದವು.

ಮಾರ್ಚ್ 14, ಬೆಳಿಗ್ಗೆ 6
ಸೊಸೆ ನೀರು ಕುಡಿದು ಮುಖ ಕಿವುಚಿದಳು. "ಅತ್ತೆ, ಲೋಟ ನೀವು ತೊಳೆದಿದ್ದಾ? ಕುಡಿದ್ರೆ ಹೊಟ್ಟೇಲಿ ನೊರೆ ಬರುತ್ತೆ."
ಒಂದಕ್ಕೆ ಎರಡು ಅನ್ನಲು ಹೊರಟವಳು ಲೋಟ ಎತ್ತಿ ಮೂಸಿದೆ. ಸೋಪಿನ ವಾಸನೆ. ಮನುಷ್ಯರ ಹೊಟ್ಟೆಗೇ ಹೀಗಾದರೆ, ಕಣ್ಣಿಗೂ ಕಾಣದ ಆ ಮರಿಗಳಿಗೆ... ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವಳದು.

ಮಾರ್ಚ್ 16
ನಿನ್ನೆ ಮೊನ್ನೆ ಹೊಟ್ಟೆನೋವೆಂದು ಮನೆಯಲ್ಲೇ ಇದ್ದೆ. ಸುಳ್ಳು. ಇವತ್ತು ಹೋದೆ. ಕನ್ನಡಕ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಹೇಳಿಬಿಟ್ಟೆ. ಬೈಗುಳಕ್ಕೆ ಕಾದೆ.
"ಸೋಪಾ ಅಜ್ಜಿ? ಬರೀ ಸೋಪಾ?" ಅಳುತ್ತಲೇ ನಗತೊಡಗಿದಳು.
ಲೈಬ್ರರಿಗೆ ಓಡಿ, ಸಂಸ್ಥೆ ಕಟ್ಟಿದ ದೊಡ್ಡವರ ನೋಟ್‌ಬುಕ್ ತಂದಳು. ಅರವತ್ತು ವರ್ಷದ ಹಿಂದೆ, ಮೀನಿನ ಶೆಡ್ಡಿನಲ್ಲಿ ಶುರುಮಾಡಿದಾಗಿನದು. ಡೈರೆಕ್ಟರ ಮುಂದೆ ಓದಿದಳು: ಮೊದಲ ವರ್ಷದ ಮರಿಗಳೆಲ್ಲ ಸತ್ತವು. ಹೆಂಡತಿ ಗಾಜಿಗೆ ಸೋಪು ಹಾಕಿದ್ದಳು. ಇನ್ನು ಮರಿಗಳ ಗಾಜಿಗೆ ನೀರು ಮಾತ್ರ.
"ಆ ಹೆಂಡತಿಗೆ ತೊಳಿ ಅಂದವರು ಯಾರು ಅಂತ ಬರೆದಿಲ್ವಾ?" ಅಂದೆ.
ಡೈರೆಕ್ಟರು ನಕ್ಕುಬಿಟ್ಟರು. "ಸೋಪು ಹಾಕಬೇಡಿ ಅಂತ ನಿಮಗೂ ಯಾರೂ ಹೇಳಲಿಲ್ಲ ಅಜ್ಜಿ. ತಪ್ಪು ನಮ್ಮದು. ಹೊಸ ಗಾಜು ತರಿಸೋಣ, ಇನ್ನೊಂದು ಸಲ ಆಗಲಿ."
ಮನೆಗೆ ಬಂದು ಮಧ್ಯಾಹ್ನವೇ ಮಲಗಿದೆ. ಎಷ್ಟು ದಿನವಾಗಿತ್ತು ಅಂಥ ನಿದ್ದೆ.

ಮಾರ್ಚ್ 30
ಹೊಸ ಗಾಜು. ಹೊಸ ಮರಿಗಳು. ಬರೀ ನೀರಲ್ಲಿ ತೊಳೆದರೆ ತೊಳೆದ ಹಾಗೇ ಅನ್ನಿಸುವುದಿಲ್ಲ. ಹಲ್ಲು ಕಚ್ಚಿಕೊಂಡು ಸೋಪು ಮುಟ್ಟದೆ ಬಿಟ್ಟೆ.

ಏಪ್ರಿಲ್ 5
ಆರು ದಿನ ದಾಟಿತು. ಬೆಳಿಗ್ಗೆ ಕನ್ನಡಕ ನನ್ನ ತೋಳು ಹಿಡಿದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. "ಮಾತಾಡಬೇಡಿ. ನೋಡಿ."
ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಒಂದು ಮರಿ, ಬುಗುರಿಯ ಹಾಗೆ ಸುತ್ತುತ್ತಾ. ಅದನ್ನು ತಳ್ಳಿಕೊಂಡು ಇನ್ನೊಂದು. ಎಣಿಸತೊಡಗಿದೆ. ಒಂದು ಕ್ಷಣ ನಿಲ್ಲಬಾರದೇ, ಮುಂಡೇವು. ಮೂವತ್ತೇಳರವರೆಗೆ ಬಂದಿದ್ದೆ, ಅಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಗುಂಪು—